ಕನ್ನಡ ಕುಲಪುರೋಹಿತ ಶ್ರೀ ಆಲೂರು ವೆಂಕಟರಾಯರು

ಗುರುಹಿರಿಯರ ಪುಣ್ಯದಿನಗಳಲ್ಲಿ ಅವರ ಗುಣಸ್ಮರಣೆ ಮಾಡುವುದು ನಮ್ಮಲ್ಲಿ ಅನೂಚಾನವಾಗಿ ನಡೆದುಬಂದ ಸಂಪ್ರದಾಯ. ಯತಿಗಳನ್ನೂ ಹರಿದಾಸರನ್ನೂ ಪಂಡಿತರನ್ನೂ ನಾವು ಭಕ್ತಿಯಿಂದ ನೆನೆಯುತ್ತೇವೆ. ಆದರೆ ಗೃಹಸ್ಥಾಶ್ರಮದಲ್ಲಿದ್ದುಕೊಂಡೇ ಆಯುಷ್ಯವನ್ನೆಲ್ಲ ಲೋಕಸೇವೆಯಲ್ಲಿ ಸವೆಸಿದ ಮಹನೀಯರು ನಮ್ಮ ಸ್ಮರಣೆಗೆ ಬರುವುದು ವಿರಳ. ಅಂಥವರಲ್ಲಿ ಅಗ್ರಗಣ್ಯರು ಧಾರವಾಡದ ಶ್ರೀ ಆಲೂರು ವೆಂಕಟರಾಯರು. ನಾಡಿನ ಜನ ಅವರಿಗೆ ಪ್ರೀತಿಯಿಂದ ಕೊಟ್ಟ ಹೆಸರು ಕನ್ನಡ ಕುಲಪುರೋಹಿತ. ಪೌರೋಹಿತ್ಯದ ಮನೆಯಲ್ಲಿ ಬೆಳೆದ ನಮಗೆ ಈ ಹೆಸರಿನಲ್ಲಿ ಅವರ ಜೀವನದ ಸಾರವೆಲ್ಲ ಅಡಗಿದೆಯೆಂದು ತೋರುತ್ತದೆ. ಆದುದರಿಂದ ಈ ಹೆಸರನ್ನೇ ಹಿಡಿದು ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ವೆಂಕಟರಾಯರು 1880ನೆಯ ಇಸವಿಯ ಜುಲೈ 12ರಂದು ವಿಜಾಪುರದಲ್ಲಿ ಮಾಧ್ವ ಮನೆತನವೊಂದರಲ್ಲಿ ಜನಿಸಿದರು. ತಂದೆ ಭೀಮರಾಯರು ಸರಕಾರಿ ಕೆಲಸದಲ್ಲಿದ್ದವರು. ಉಚ್ಚ ಶಿಕ್ಷಣಕ್ಕಾಗಿ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿ ಬಿ. ಎ. ಪದವಿಯನ್ನು ಪಡೆದು, ಬಳಿಕ ಮುಂಬಯಿಯಲ್ಲಿ ಕಾಯಿದೆಯ ವ್ಯಾಸಂಗವನ್ನು ಮುಗಿಸಿ, ಧಾರವಾಡದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಪುಣೆಯು ಆಗ ಲೋಕಮಾನ್ಯ ತಿಲಕರ ಪ್ರಭಾವದಿಂದ ಜಾಗೃತವಾಗಿದ್ದ ನಗರ. ಅಲ್ಲಿಯ ಜನರಿಗೆ ತಮ್ಮ ನಾಡಿನ ಇತಿಹಾಸದಲ್ಲಿದ್ದ ಅಭಿಮಾನವನ್ನು ಕಂಡ ತರುಣನ ಮನಸ್ಸಿನಲ್ಲಿ, ನಮ್ಮ ಕನ್ನಡಿಗರಿಗೆ ಇತಿಹಾಸವಿಲ್ಲವೆ, ಇದ್ದರೆ ಅದನ್ನು ಅವರು ಮರೆತದ್ದೇಕೆ ಎಂಬ ಪ್ರಶ್ನೆ ಬೇರೂರಿತು.

ಈ ಪ್ರಶ್ನೆಗೆ ಉತ್ತರವು ದೊರೆತದ್ದು 1905ರಲ್ಲಿ, ತುಂಗಭದ್ರಾ ತೀರದಲ್ಲಿ. ಆನೆಗೊಂದಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ನವವೃಂದಾವನ. ಶ್ರೀ ವ್ಯಾಸರಾಜರ ಸನ್ನಿಧಾನ. ಅದೇ ಪರಿಸರದ ಹಂಪೆಯಲ್ಲಿ ಪಾಳುಬಿದ್ದ ಗುಡಿಗೋಪುರಗಳನ್ನು ಕಂಡಾಗ ವೆಂಕಟರಾಯರಿಗೆ ಆದ ಅನುಭವವು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಒಡೆದ ಕಲ್ಲುಗಳ ನಡುವೆ ಅವರಿಗೆ ಅಖಂಡವಾದ ಕರ್ನಾಟಕದ ದರ್ಶನವಾಯಿತು.

ಆಗಿನ ನಾಡಿನ ಸ್ಥಿತಿಯನ್ನು ಇಂದಿನ ಕಿರಿಯರು ಊಹಿಸುವುದೂ ಕಷ್ಟ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದರಾಸಿಗೆ. ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದಿನ ನಿಜಾಮರಿಗೆ. ಮೈಸೂರು ಒಂದು ಸಂಸ್ಥಾನ, ಕೊಡಗು ಬೇರೊಂದು ಪ್ರಾಂತ. ಇವುಗಳ ನಡುವೆ ಜಮಖಂಡಿ, ಮುಧೋಳ, ಸವಣೂರು, ಸೊಂಡೂರುಗಳಂತಹ ಸಣ್ಣ ಸಂಸ್ಥಾನಗಳು. ಎಲ್ಲೆಡೆಯೂ ಕನ್ನಡಿಗನು ಅನ್ಯರ ಮನೆಯ ಅಂಚಿನಲ್ಲಿ ಕುಳಿತಂತಿದ್ದನು. ಉಡುಪಿಯ ಯಾತ್ರೆಗೆ ಹೊರಟ ಧಾರವಾಡದ ಭಕ್ತನಿಗೆ ಶ್ರೀಕೃಷ್ಣನು ತನ್ನವನೇ. ಆದರೆ ಕೃಷ್ಣನಿದ್ದ ಊರು ಮಾತ್ರ ಬೇರೊಂದು ಪ್ರಾಂತದ್ದಾಗಿತ್ತು.

ವೆಂಕಟರಾಯರು ಮಾಡಿದ ಕಾರ್ಯಗಳು ಒಂದೆರಡಲ್ಲ. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಪತ್ರಿಕೆಯ ಸಂಪಾದಕತ್ವವನ್ನು 1906ರಲ್ಲಿ ವಹಿಸಿಕೊಂಡರು. ಸ್ವದೇಶೀ ಆಂದೋಲನದ ದಿನಗಳಲ್ಲಿ ರಾಷ್ಟ್ರೀಯ ಶಿಕ್ಷಣಕ್ಕಾಗಿ ಶಾಲೆಯನ್ನು ನಡೆಸಿದರು. ಗ್ರಂಥಕರ್ತರನ್ನು ಒಂದೆಡೆ ಕೂಡಿಸಿ ಸಮ್ಮೇಳನಗಳನ್ನು ಏರ್ಪಡಿಸಿದರು. 1914ರಲ್ಲಿ ಇತಿಹಾಸ ಸಂಶೋಧನ ಮಂಡಲದ ಸ್ಥಾಪನೆಗೂ, 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನ ಕಾರ್ಯಕ್ಕೂ ಹೆಗಲು ಕೊಟ್ಟರು. 1922ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆಯನ್ನು ಹೊರಡಿಸಿದರು. ವಕೀಲರು, ಸಂಪಾದಕರು, ಶಿಕ್ಷಣ ಪ್ರಸಾರಕರು, ಸಂಶೋಧಕರು, ಭಾಷಣಕಾರರು, ಗ್ರಂಥಕಾರರು, ಹೀಗೆ ಒಬ್ಬರೇ ಹತ್ತು ಮಂದಿಯ ಕೆಲಸವನ್ನು ಮಾಡಿದರು. ಈ ಕೆಲಸಗಳ ನಡುವೆ ವಕೀಲಿಯು ಹಿಂದೆ ಬಿದ್ದು, ಕೊನೆಗೆ ಬಿಟ್ಟೇಹೋಯಿತು. ಸಂಪಾದನೆಯ ದಾರಿಯೊಂದನ್ನು ಕಲಿತು, ಅದರಲ್ಲಿ ನಿಂತು, ನಡುಹಗಲಿನಲ್ಲೇ ಅದನ್ನು ತೊರೆಯುವುದು ಗೃಹಸ್ಥನಾದವನಿಗೆ ಎಷ್ಟು ಕಠಿನವೆಂಬುದನ್ನು ಸಂಸಾರ ನಡೆಸುವ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

1917ರಲ್ಲಿ ಪ್ರಕಟವಾದ ‘ಕರ್ನಾಟಕ ಗತವೈಭವ’ವು ಅವರ ಕೃತಿಗಳಲ್ಲಿ ಕಿರೀಟಪ್ರಾಯವಾದುದು. ಫ್ಲೀಟ್, ಭಾಂಡಾರಕರ ಮೊದಲಾದ ವಿದ್ವಾಂಸರು ಶಾಸನಗಳನ್ನು ಶೋಧಿಸಿ ಇಂಗ್ಲಿಷಿನಲ್ಲಿ ಬರೆದಿದ್ದ ಸಂಗತಿಗಳು ಅಲ್ಲಿಯವರೆಗೆ ಪಂಡಿತರ ಕಪಾಟಿನಲ್ಲಿ ಉಳಿದಿದ್ದವು. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದ ಅರಸರು, ಇವರೆಲ್ಲರ ಚರಿತ್ರೆಯನ್ನು ವೆಂಕಟರಾಯರು ಸಾಮಾನ್ಯ ಕನ್ನಡಿಗನ ಜಗುಲಿಗೆ ತಂದಿರಿಸಿದರು. ಶುಭಕಾರ್ಯದ ಮೊದಲಲ್ಲಿ ನಾವು ಮಾಡುವ ಸಂಕಲ್ಪದಲ್ಲಿ ದೇಶಕಾಲಗಳ ಉಚ್ಚಾರಣೆಯುಂಟು. ಯಾವ ನದಿಯ ಯಾವ ತೀರದಲ್ಲಿ ನಿಂತಿದ್ದೇವೆಂದು ಹೇಳದೆ ಕರ್ಮವು ಮೊದಲಾಗುವುದಿಲ್ಲ. ತಾನು ನಿಂತ ನೆಲದ ಹೆಸರನ್ನೇ ಮರೆತಿದ್ದ ಜನಾಂಗಕ್ಕೆ ವೆಂಕಟರಾಯರು ಈ ಗ್ರಂಥದ ಮೂಲಕ ಸಂಕಲ್ಪವನ್ನು ಹೇಳಿಕೊಟ್ಟರು. ಕುಲಪುರೋಹಿತರೆಂಬ ಹೆಸರಿನ ಒಂದು ಅರ್ಥವು ಇದೇ.

ಮುಂದೆ ಏಕೀಕರಣದ ಕಾರ್ಯವು ವೇಗವನ್ನು ಪಡೆಯಿತು. 1920ರಲ್ಲಿ ಧಾರವಾಡದಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ನಡೆದ ರಾಜಕೀಯ ಪರಿಷತ್ತು ಕನ್ನಡ ಪ್ರದೇಶಗಳು ಒಂದಾಗಬೇಕೆಂದು ಕೋರಿತು. ಅದೇ ವರ್ಷ ನಾಗಪುರದ ಅಧಿವೇಶನದ ಬಳಿಕ ಕಾಂಗ್ರೆಸ್ಸಿನಲ್ಲಿ ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತದ ಸ್ಥಾನ ದೊರೆಯಿತು. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನವು ನಡೆದಾಗ ಅದೇ ಊರಿನಲ್ಲಿ ಏಕೀಕರಣ ಪರಿಷತ್ತೂ ಸೇರಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ವೆಂಕಟರಾಯರಿಗೆ ಸಂದಿತು. ಇಷ್ಟಾದರೂ ಅವರ ಕರ್ನಾಟಕಾಭಿಮಾನವು ಸಂಕುಚಿತವಾದುದಲ್ಲ. ಕರ್ನಾಟಕವು ಭಾರತದ ಅಂಗವೆಂದೂ, ಅಂಗವು ಪುಷ್ಟವಾದರಷ್ಟೇ ಅಂಗಿಗೆ ಬಲವೆಂದೂ ಅವರು ತಿಳಿದಿದ್ದರು.

ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಮರಾಠಿಯಲ್ಲಿ ರಚಿಸಿದ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ವೆಂಕಟರಾಯರೇ. ತತ್ತ್ವಾಂಶದಲ್ಲಿ ಆ ಗ್ರಂಥವು ಅದ್ವೈತದತ್ತ ಒಲಿದಿದ್ದರೂ, ಕರ್ಮಯೋಗದ ಪ್ರತಿಪಾದನೆಯನ್ನು ಕನ್ನಡಿಗರಿಗೆ ಮುಟ್ಟಿಸುವುದು ಕರ್ತವ್ಯವೆಂದು ಬಗೆದು ಅನುವಾದಿಸಿದರು. ಆದರೆ ತಮ್ಮ ಮೂಲವನ್ನು ಮರೆಯಲಿಲ್ಲ. ‘ಮಧ್ವಸಿದ್ಧಾಂತ ಪ್ರವೇಶಿಕೆ’, ‘ಪೂರ್ಣಬ್ರಹ್ಮವಾದ’ ಮುಂತಾದ ಕೃತಿಗಳಲ್ಲಿ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಸಂಸ್ಕೃತವರಿಯದವರಿಗೂ ತಿಳಿಯುವಂತೆ ತಿಳಿಗನ್ನಡದಲ್ಲಿ ವಿವರಿಸಿದರು. ಜನರ ಸೇವೆಯು ಭಗವಂತನಿಗೆ ಸಲ್ಲಬೇಕಾದ ಕರವೆಂಬುದು ಆಚಾರ್ಯರ ಉಪದೇಶ. ಕರವನ್ನು ಸಲ್ಲಿಸುವವನು ಅದನ್ನು ಉಪಕಾರವೆಂದು ಹೇಳಿಕೊಳ್ಳುವುದಿಲ್ಲ. ಅದು ಅವನು ತೀರಿಸಬೇಕಾದ ಋಣ. ವೆಂಕಟರಾಯರ ಹಲವು ಉದ್ಯೋಗಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವೆಲ್ಲವೂ ಒಂದೇ ಕರದ ಬೇರೆ ಬೇರೆ ಕಂತುಗಳೆಂದು ಕಾಣುತ್ತದೆ.

1956ನೆಯ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದುವು. ಎಪ್ಪತ್ತಾರು ವಯಸ್ಸಿನ ವೆಂಕಟರಾಯರು ಅಂದು ಹಂಪೆಗೆ ತೆರಳಿ, ವಿರೂಪಾಕ್ಷನ ಗುಡಿಯಲ್ಲಿ ಭುವನೇಶ್ವರಿಗೆ ಪೂಜೆಯನ್ನು ಸಲ್ಲಿಸಿದರು. ಐವತ್ತೊಂದು ವರ್ಷಗಳ ಹಿಂದೆ ಯಾವ ಪರಿಸರದಲ್ಲಿ ದರ್ಶನವಾಗಿತ್ತೋ ಅಲ್ಲಿಯೇ ವ್ರತದ ಉದ್ಯಾಪನೆಯೂ ಆಯಿತು. ಆದರೂ ಫಲವು ಸಂಪೂರ್ಣವಾಗಿ ಅವರ ಕಣ್ಣಿಗೆ ಬೀಳಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿತು. ಒಂದಾದ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಉಳಿಯಿತು. 1964ರ ಫೆಬ್ರವರಿ 25ರಂದು ವೆಂಕಟರಾಯರು ಹರಿಪಾದವನ್ನು ಸೇರಿದರು. ಕರ್ನಾಟಕವೆಂಬ ನಾಮಕರಣವಾದದ್ದು 1973ರಲ್ಲಿ. ಯಾವ ಹೆಸರನ್ನು ಅವರು ಜೀವಮಾನವೆಲ್ಲ ಜಪಿಸಿದರೋ ಅದು ರಾಜ್ಯದ ಹೆಸರಾದಾಗ ಅದನ್ನು ಕೇಳಲು ಅವರೇ ಇರಲಿಲ್ಲ.

ಪುರೋಹಿತನೆಂಬ ಹೆಸರಿನ ಎರಡನೆಯ ಅರ್ಥವು ಇಲ್ಲಿದೆ. ಹೋಮದ ಹೊಗೆಯನ್ನು ಕುಡಿಯುವವನು ಪುರೋಹಿತ. ಸಂಕಲ್ಪಿಸಿದ ಫಲವು ಮಾತ್ರ ಯಜಮಾನನದು. ಆ ಯಜಮಾನರು ಕನ್ನಡಿಗರಾದ ನಾವು. ಪಡೆದ ಫಲಕ್ಕೆ ನಾವು ಸಲ್ಲಿಸಬಹುದಾದ ದಕ್ಷಿಣೆ ಯಾವುದು? ಮನೆಯ ಮಕ್ಕಳಿಗೆ ಕನ್ನಡ ಅಕ್ಷರವನ್ನು ಕಲಿಸುವುದು, ಹರಿದಾಸರ ಪದಗಳನ್ನೂ ಆಚಾರ್ಯರ ತತ್ತ್ವವನ್ನೂ ಕನ್ನಡದಲ್ಲಿ ಓದಿಸುವುದು, ದಿನಕ್ಕೊಂದು ಗಳಿಗೆಯನ್ನಾದರೂ ಪರರ ಕೆಲಸಕ್ಕೆ ಮೀಸಲಿಡುವುದು. ಇಷ್ಟನ್ನು ಮಾಡಿದರೆ ಆ ಹಿರಿಯರ ಋಣದಲ್ಲಿ ಒಂದಂಶವಾದರೂ ತೀರೀತೆಂದು ನಾವು ನಂಬುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.