ಡಾಕ್ಟರ್ ಗರ್ಟಿ ಕೋರಿಯ ಜೀವನಚರಿತ್ರೆ

ಹೆಣ್ಣುಮಕ್ಕಳಿಗೆ ಯಾವ ವಿದ್ಯೆ ಬೇಕು, ಎಷ್ಟು ಬೇಕು ಎಂಬ ಪ್ರಶ್ನೆಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಕೇಳಿಬಂದುದಾಗಿದೆ. ಹೊಲಿಗೆ, ಸಂಗೀತ, ಸಭ್ಯವಾದ ನಡೆನುಡಿ ಇಷ್ಟಿದ್ದರೆ ಸಾಲದೆ ಎನ್ನುವವರೂ ಉಂಟು. ಗಣಿತ ವಿಜ್ಞಾನಗಳನ್ನು ಗಂಡುಮಕ್ಕಳಿಗೆ ಕಲಿಸುವಂತೆಯೇ ಇವರಿಗೂ ಕಲಿಸಬೇಕೆನ್ನುವವರೂ ಉಂಟು. ಈ ವಿಷಯದಲ್ಲಿ ವಾದವನ್ನು ಬೆಳೆಯಿಸುವುದಕ್ಕಿಂತ ಒಂದು ಜೀವನಚರಿತ್ರೆಯನ್ನು ವಾಚಕರ ಮುಂದಿಡುವುದೇ ಲೇಸೆಂದು ನಾವು ಭಾವಿಸುತ್ತೇವೆ. ವೈದ್ಯಶಾಸ್ತ್ರದಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಮೊದಲನೆಯ ಸ್ತ್ರೀಯಾದ ಗರ್ಟಿ ಕೋರಿಯ ಚರಿತ್ರೆಯೇ ಅದು.

ಗರ್ಟಿಯು ೧೮೯೬ನೆಯ ಇಸವಿ ಆಗಸ್ಟ್ ೧೫ನೆಯ ತಾರೀಖು, ಆಗ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಪ್ರಾಗ್ ನಗರದಲ್ಲಿ, ಒಂದು ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದಳು. ತಂದೆಯಾದ ಒಟ್ಟೊ ರಾಡ್‌ನಿಟ್ಸನು ರಸಾಯನಶಾಸ್ತ್ರವನ್ನು ಬಲ್ಲವನು. ಸಕ್ಕರೆಯ ಕಾರ್ಖಾನೆಗಳ ಮೇಲ್ವಿಚಾರಣೆ ಆತನ ಉದ್ಯೋಗವಾಗಿದ್ದಿತು. ಮೂವರು ಹೆಣ್ಣುಮಕ್ಕಳಲ್ಲಿ ಗರ್ಟಿಯೇ ಹಿರಿಯವಳು. ಹತ್ತು ವರ್ಷದವರೆಗೆ ಮನೆಯಲ್ಲಿಯೇ ಪಾಠವಾಯಿತು; ಆಮೇಲೆ ಬಾಲಿಕೆಯರ ಶಾಲೆಗೆ ಸೇರಿದಳು. ಆ ಶಾಲೆಯವರ ಉದ್ದೇಶವು ಕನ್ಯೆಯರನ್ನು ಸಭ್ಯ ಸಮಾಜಕ್ಕೆ ತಕ್ಕವರನ್ನಾಗಿ ಮಾಡುವುದೇ ಹೊರತು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವುದಾಗಿರಲಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ತಾನು ವೈದ್ಯಳಾಗಬೇಕೆಂದು ಗರ್ಟಿಯು ನಿಶ್ಚಯಿಸಿದಳು. ಆಗ ತಿಳಿದುಬಂದ ಸಂಗತಿಯು ಎಂಥವರ ಎದೆಯನ್ನಾದರೂ ಕುಂದಿಸತಕ್ಕದ್ದು. ಪ್ರವೇಶ ಪರೀಕ್ಷೆಗೆ ಲ್ಯಾಟಿನ್ ಭಾಷೆಯೂ ಗಣಿತವೂ ಭೌತ ರಸಾಯನ ಶಾಸ್ತ್ರಗಳೂ ಅವಶ್ಯವಾಗಿದ್ದವು. ಆಕೆಯ ಶಾಲೆಯಲ್ಲಿ ಇವುಗಳನ್ನು ತಕ್ಕಷ್ಟು ಕಲಿಸಿಯೇ ಇರಲಿಲ್ಲ. ಲ್ಯಾಟಿನ್ನಿನಲ್ಲಿ ಎಂಟು ವರ್ಷಗಳ ಪಾಠವನ್ನೂ ಗಣಿತದಲ್ಲಿ ಐದು ವರ್ಷಗಳ ಪಾಠವನ್ನೂ ಆಕೆ ಒಂದೇ ವರ್ಷದಲ್ಲಿ ಓದಿ ಮುಗಿಸಿದಳು. ೧೯೧೪ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪ್ರಾಗಿನ ಜರ್ಮನ್ ವಿಶ್ವವಿದ್ಯಾನಿಲಯದ ವೈದ್ಯಶಾಖೆಗೆ ಸೇರಿದಳು.

ಅಲ್ಲಿ ಸಹಪಾಠಿಯಾಗಿದ್ದ ಕಾರ್ಲ್ ಕೋರಿಯೊಡನೆ ಸ್ನೇಹ ಬೆಳೆಯಿತು. ೧೯೨೦ರಲ್ಲಿ ಇಬ್ಬರೂ ವೈದ್ಯಪದವಿಯನ್ನು ಪಡೆದರು. ಅದೇ ವರ್ಷ ವಿವಾಹವೂ ಆಯಿತು. ವಿವಾಹಕ್ಕೆ ಮುಂಚೆ ಗರ್ಟಿಯು ಕಥೋಲಿಕ ಮತವನ್ನು ಅಂಗೀಕರಿಸಿದ್ದಳು. ಮೊದಲನೆಯ ಮಹಾಯುದ್ಧವು ಮುಗಿದಿದ್ದರೂ ಆ ದೇಶಗಳಲ್ಲಿ ಅನ್ನದ ಅಭಾವವು ಮುಗಿದಿರಲಿಲ್ಲ. ವಿಯೆನ್ನಾ ನಗರದ ಮಕ್ಕಳ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಗರ್ಟಿಗೆ ಸತ್ವಹೀನ ಆಹಾರದಿಂದ ಕಣ್ಣಿನ ವ್ಯಾಧಿ ತಗಲಿತು. ೧೯೨೨ರಲ್ಲಿ ಕಾರ್ಲನು ಅಮೆರಿಕದ ಬಫೆಲೋ ನಗರದ ಒಂದು ಸಂಶೋಧನಾಲಯಕ್ಕೆ ಹೋದನು. ಆರು ತಿಂಗಳ ತರುವಾಯ ಗರ್ಟಿಯೂ ಅಲ್ಲಿಗೆ ಹೋಗಿ ಸೇರಿದಳು.

ಹೊಸ ದೇಶದಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಬೇರೊಂದು ಅಡ್ಡಿಯಿದ್ದಿತು. ಪತಿಯ ಸಂಗಡ ಸಂಶೋಧನೆ ಮಾಡುವುದನ್ನು ಬಿಟ್ಟು ತನ್ನ ವಿಭಾಗದ ಕೆಲಸವನ್ನಷ್ಟೇ ಮಾಡತಕ್ಕದ್ದು, ಇಲ್ಲವಾದರೆ ಕೆಲಸ ಹೋಗುವುದೆಂದು ಮೇಲಧಿಕಾರಿಯು ಎಚ್ಚರಿಸಿದನು. ಬೇರೊಂದು ವಿಶ್ವವಿದ್ಯಾನಿಲಯದವರು ಕಾರ್ಲನಿಗೆ ಹುದ್ದೆಯನ್ನು ಕೊಡಲು ಒಪ್ಪಿ, ಹೆಂಡತಿಯೊಡನೆ ಕೂಡಿ ಕೆಲಸ ಮಾಡಬಾರದೆಂಬ ಷರತ್ತನ್ನು ಹಾಕಿದರು. ಗಂಡನ ಏಳಿಗೆಗೆ ಆಕೆಯೇ ಕಂಟಕಳೆಂದು ಗರ್ಟಿಗೇ ತಿಳಿಸಿದರು. ಕಾರ್ಲನು ಆ ಹುದ್ದೆಯನ್ನು ಒಲ್ಲೆನೆಂದನು. ೧೯೩೧ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಇಬ್ಬರನ್ನೂ ಸೇರಿಸಿಕೊಂಡರು. ಆತನಿಗೆ ಪ್ರಾಧ್ಯಾಪಕ ಪದವಿ, ಈಕೆಗೆ ಅಲ್ಪ ವೇತನದ ಸಂಶೋಧಕಿಯ ಸ್ಥಾನ. ಇಬ್ಬರೂ ಮಾಡುತ್ತಿದ್ದ ಕೆಲಸವಾದರೋ ಒಂದೇ.

ಆ ಕೆಲಸವಾವುದೆಂಬುದನ್ನು ಸುಲಭವಾಗಿ ಹೇಳಲೆತ್ನಿಸುವೆವು. ನಾವು ಉಣ್ಣುವ ಅನ್ನ ರಾಗಿಗಳ ಪಿಷ್ಟವು ಜೀರ್ಣವಾಗಿ, ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಬೆಳೆದ ಧಾನ್ಯವನ್ನು ಒಕ್ಕಲಿಗನು ಕಣಜದಲ್ಲಿ ತುಂಬುವಂತೆ, ದೇಹವು ಒಡನೆ ಬೇಡವಾದ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಕೂಡಿಡುತ್ತದೆ. ನಾವು ಓಡುವಾಗ, ಭಾರವನ್ನು ಹೊರುವಾಗ ಮಾಂಸಖಂಡದ ಗ್ಲೈಕೋಜನ್ ಖರ್ಚಾಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಮೊಸರಿನ ಹುಳಿಯೂ ಇದೇ ಆಮ್ಲವು. ಈ ಆಮ್ಲವು ವ್ಯರ್ಥವಾಗದೆ ರಕ್ತದ ಮೂಲಕ ಯಕೃತ್ತಿಗೆ ಹೋಗಿ, ಅಲ್ಲಿ ಪುನಃ ಸಕ್ಕರೆಯಾಗಿ, ಮಾಂಸಖಂಡಕ್ಕೆ ಹಿಂದಿರುಗುವುದೆಂದು ದಂಪತಿಗಳು ೧೯೨೯ರಲ್ಲಿ ವಿವರಿಸಿದರು. ಇದಕ್ಕೆ ಕೋರಿ ಚಕ್ರವೆಂದು ಹೆಸರಾಯಿತು. ಮಧುಮೇಹಕ್ಕೆ ಇನ್ಸುಲಿನ್ ದೊರೆತು ಕೆಲವೇ ವರ್ಷಗಳಾಗಿದ್ದ ಕಾಲವದು. ದೇಹದೊಳಗೆ ಸಕ್ಕರೆಯು ಹಿಡಿಯುವ ದಾರಿಯನ್ನು ಅರಿಯುವುದು ಅನೇಕ ರೋಗಿಗಳ ಪ್ರಾಣದ ವಿಷಯವಾಗಿದ್ದಿತು.

ಇಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಕಣಜದ ಬಾಗಿಲನ್ನು ತೆರೆಯುವ ಕೀಲಿಕೈ ಯಾವುದು? ೧೯೩೬ರಲ್ಲಿ, ಕಪ್ಪೆಯ ಮಾಂಸಖಂಡವನ್ನು ನುಣ್ಣಗೆ ಕೊಚ್ಚಿ ತೊಳೆದು ಪರೀಕ್ಷಿಸಿದಾಗ, ಗ್ಲೂಕೋಸಿಗೆ ಫಾಸ್ಫೇಟ್ ಸೇರಿ ಆದ ಹೊಸ ವಸ್ತುವೊಂದು ಕಾಣಿಸಿಕೊಂಡಿತು. ಮುಂದೆ, ಗ್ಲೈಕೋಜನನ್ನು ಈ ರೂಪಕ್ಕೆ ಒಡೆಯುವ ಫಾಸ್ಫೊರಿಲೇಸ್ ಎಂಬ ಕಿಣ್ವವೂ ಸಿಕ್ಕಿತು. ಆ ಕಿಣ್ವದ ಸಹಾಯದಿಂದ ಗ್ಲೈಕೋಜನನ್ನು ಜೀವಿಯ ದೇಹದ ಹೊರಗೆ, ಗಾಜಿನ ನಳಿಗೆಯಲ್ಲಿಯೇ ಅವರು ತಯಾರಿಸಿದರು. ಜೀವಕೋಶದೊಳಗಿನ ವ್ಯಾಪಾರವು ಮೆಟ್ಟಲು ಮೆಟ್ಟಲಾಗಿ ನಡೆಯುತ್ತದೆ, ಒಂದೊಂದು ಮೆಟ್ಟಲನ್ನೂ ಒಂದೊಂದು ಕಿಣ್ವವು ಕಾಯುತ್ತದೆ ಎಂಬುದು ಇಂಥ ಶೋಧನೆಗಳಿಂದ ಸ್ಪಷ್ಟವಾಯಿತು. ಆ ೧೯೩೬ರಲ್ಲಿಯೇ ಗರ್ಟಿಗೆ ಗಂಡುಮಗುವಾಯಿತು. ಪ್ರಯೋಗಶಾಲೆಯ ಕೆಲಸವು ಮಾತ್ರ ನಿಲ್ಲಲಿಲ್ಲ.

೧೯೪೭ರಲ್ಲಿ ದಂಪತಿಗಳಿಗೆ, ಅರ್ಜೆಂಟೀನ ದೇಶದ ವಿಜ್ಞಾನಿ ಬರ್ನಾರ್ಡೊ ಉಸಾಯ್‌ನೊಡನೆ, ನೊಬೆಲ್ ಬಹುಮಾನವು ಬಂದಿತು. ಗರ್ಟಿಗೆ ಪೂರ್ಣ ಪ್ರಾಧ್ಯಾಪಕ ಪದವಿಯು ದೊರೆತುದೂ ಆ ವರ್ಷದಲ್ಲಿಯೇ. ಸೇಂಟ್ ಲೂಯಿಸಿಗೆ ಬಂದು ಹದಿನಾರು ವರ್ಷಗಳು ಕಳೆದಿದ್ದವು. ಆಕೆಯ ವಯಸ್ಸು ಐವತ್ತೊಂದು. ಅದೇ ವರ್ಷದಲ್ಲಿ ಅಸ್ಥಿಮಜ್ಜೆಯು ರಕ್ತವನ್ನು ಹುಟ್ಟಿಸದಂತಾಗುವ ವ್ಯಾಧಿಯೂ ಗೊತ್ತಾಯಿತು. ಅದಕ್ಕೆ ಮದ್ದಿರಲಿಲ್ಲ. ಪದೇ ಪದೇ ಪರರ ರಕ್ತವನ್ನು ಪಡೆಯುತ್ತ, ದಣಿದಾಗ ಪ್ರಯೋಗಶಾಲೆಯಲ್ಲಿಯೇ ಸಣ್ಣ ಮಂಚದ ಮೇಲೆ ಒರಗುತ್ತ, ಮತ್ತೆ ಹತ್ತು ವರ್ಷ ಆಕೆ ದುಡಿದಳು.

ಆ ಹತ್ತು ವರ್ಷಗಳ ಫಲವೇ ನಮಗೆ ಎಲ್ಲಕ್ಕಿಂತ ಪ್ರಿಯವಾದುದು. ಕೆಲವು ಶಿಶುಗಳಲ್ಲಿ ಗ್ಲೈಕೋಜನ್ ಮಿತಿಮೀರಿ ಸಂಗ್ರಹವಾಗಿ ಯಕೃತ್ತು ಉಬ್ಬುವ ವಂಶಪಾರಂಪರ್ಯ ರೋಗವುಂಟು. ಯಕೃತ್ತಿನಲ್ಲಿರಬೇಕಾದ ಒಂದು ಕಿಣ್ವದ ಕೊರತೆಯೇ ಇದಕ್ಕೆ ಕಾರಣವೆಂದು ೧೯೫೨ರಲ್ಲಿ ಕೋರಿ ದಂಪತಿಗಳು ತೋರಿಸಿದರು. ಇದೇ ಬಗೆಯ ಮತ್ತೊಂದು ರೋಗದಲ್ಲಿ ಬೇರೆಯ ಕಿಣ್ವವು ಇಲ್ಲದಿರುವುದೂ ತಿಳಿದುಬಂದಿತು. ಅದಕ್ಕೆ ಕೋರಿ ರೋಗವೆಂದೇ ಹೆಸರು. ವಿಯೆನ್ನಾದಲ್ಲಿ ಮಕ್ಕಳ ವೈದ್ಯಳಾಗಿ ಆರಂಭಿಸಿದವಳು ಕಡೆಗೆ ಮಕ್ಕಳ ಸೇವೆಗೇ ಹಿಂದಿರುಗಿದಳು. ೧೯೫೭ನೆಯ ಇಸವಿ ಅಕ್ಟೋಬರ್ ೨೬ರಂದು ಆಕೆಯು ದೈವಾಧೀನಳಾದಳು. ಆ ದಂಪತಿಗಳ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದವರ ಪೈಕಿ ಆರು ಮಂದಿ ತರುವಾಯ ನೊಬೆಲ್ ಬಹುಮಾನವನ್ನು ಪಡೆದರು.

ತಲಾಂತುಗಳ ಸಾಮ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ತನಗೆ ದೊರೆತುದನ್ನು ಸೇವಕನು ತಾನೇ ನೆಲದಲ್ಲಿ ಹೂತಿಟ್ಟನೆಂದು ಅಲ್ಲಿ ಹೇಳಿದೆ. ಗರ್ಟಿಯ ತಲಾಂತನ್ನಾದರೋ ಪರರು ಹೂಳಲೆತ್ನಿಸಿದರು. ಮೊದಲು ಶಾಲೆ, ಆಮೇಲೆ ಅಧಿಕಾರಿಗಳು. ಆಕೆಯು ಪ್ರತಿಸಲವೂ ಅದನ್ನು ಅಗೆದು ತೆಗೆದಳು. ಆದರೆ ಎಂಟು ವರ್ಷಗಳ ಪಾಠವನ್ನು ಒಂದೇ ವರ್ಷದಲ್ಲಿ ಕಲಿಯುವ ಶಕ್ತಿ ಎಲ್ಲ ಬಾಲಿಕೆಯರಿಗೂ ಇರುವುದಿಲ್ಲ. ಹಾಗೆ ಕಲಿಯಲಾರದೆ ಹಿಂದುಳಿದವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಬರೆಯಲ್ಪಟ್ಟಿಲ್ಲ. ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ: ಗಣಿತವು ಕಠಿನವೆಂದು, ವಿಜ್ಞಾನವು ಮನೆವಾರ್ತೆಗೆ ಬೇಡವೆಂದು, ಆ ಪಾಠಗಳಿಂದ ಹೆಣ್ಣುಮಕ್ಕಳನ್ನು ಬಿಡಿಸದಿರಿ. ಮುಂದೆ ಅವರು ಏನಾಗಲು ಬಯಸುವರೆಂಬುದು ಈ ದಿನ ನಮಗೂ ತಿಳಿಯದು, ಅವರಿಗೂ ತಿಳಿಯದು. ಬಯಸಿದ ದಿನ ದಾರಿಯು ತೆರೆದಿರುವಂತೆ ನೋಡಿಕೊಳ್ಳುವುದು ಶಾಲೆಯ ಕೆಲಸವೂ ಹೌದು, ಮನೆಯ ಕೆಲಸವೂ ಹೌದು.