ಚಪ್ಪಾಳೆಯ ಹುಡುಗ, ಗುರುಮನೆಯ ವಿದ್ಯಾರ್ಥಿ: ಪಂಡಿತ ಮಲ್ಲಿಕಾರ್ಜುನ ಮನಸೂರ

ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದ ಮರುದಿನ ಒಂಬತ್ತನೆಯ ಅಥವಾ ಹತ್ತನೆಯ ತರಗತಿಯನ್ನು ಪ್ರವೇಶಿಸಿದ ಶಿಕ್ಷಕರಿಗೆ ಒಂದು ಸಂಗತಿ ಗೋಚರಿಸದೆ ಇರದು. ಹಿಂದಿನ ರಾತ್ರಿ ವೇದಿಕೆಯ ಮೇಲೆ ಹಾಡಿ ಚಪ್ಪಾಳೆ ಗಳಿಸಿದ ವಿದ್ಯಾರ್ಥಿಯ ಸುತ್ತ ಗೆಳೆಯರು ಮುತ್ತಿಕೊಂಡಿರುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತವನೊಬ್ಬ ಆ ಗುಂಪನ್ನೇ ಆಸೆಗಣ್ಣಿನಿಂದ ನೋಡುತ್ತಿರುತ್ತಾನೆ. ಈಗಂತೂ ಮೆಚ್ಚಿಗೆಯ ಲೆಕ್ಕ ಮೊಬೈಲಿನ ಪರದೆಯ ಮೇಲೆಯೇ ಮೂಡುವುದರಿಂದ, ಮೆಚ್ಚಿಗೆ ದೊರೆಯದವನ ಸಂಕಟ ರಾತ್ರಿ ಮನೆಗೂ ಬೆನ್ನಟ್ಟಿ ಬರುತ್ತದೆ. ಇದನ್ನು ಬರಿಯ ಚಪಲವೆಂದು ಗದರಿಸುವುದು ಸುಲಭ. ಆದರೆ ಮೆಚ್ಚಿಗೆಯ ಹಸಿವು ಆ ವಯಸ್ಸಿನ ಸಹಜ ಧರ್ಮ. ಅದನ್ನು ಎಳೆತನದಲ್ಲಿಯೇ ಯಥೇಚ್ಛವಾಗಿ ಉಂಡು, ಹದಿಹರೆಯದಲ್ಲಿ ಬದಿಗಿರಿಸಿ ಕಲಿಯಲು ಕುಳಿತವರೊಬ್ಬರ ಚರಿತ್ರೆ ನಮ್ಮ ನಾಡಿನಲ್ಲಿಯೇ ಇದೆ.

ಮಲ್ಲಿಕಾರ್ಜುನರು 1910ರ ಡಿಸೆಂಬರ್ 31ರಂದು ಧಾರವಾಡ ಸಮೀಪದ ಮನಸೂರ ಗ್ರಾಮದಲ್ಲಿ ಜನಿಸಿದರು. ತಂದೆ ಭೀಮರಾಯಪ್ಪನವರದು ಒಕ್ಕಲುತನದ ಮನೆತನ, ತಾಯಿ ನೀಲಮ್ಮನವರು. ಅಣ್ಣ ಬಸವರಾಜರು ರಂಗಭೂಮಿಯಲ್ಲಿ ತೊಡಗಿದವರು. ಬಾಲಕನ ಶಾಲೆಯ ಓದು ಬಹಳ ದೂರ ಸಾಗಲಿಲ್ಲ. ಒಂಬತ್ತರ ವಯಸ್ಸಿನಲ್ಲಿಯೇ ಆತ ಬಣ್ಣ ಹಚ್ಚಿದನು.

ಗವಿಮಠದ ಜಾತ್ರೆಯಲ್ಲಿ ಕಂಪನಿ ನಾಟಕಗಳನ್ನು ಕಂಡ ನಮ್ಮ ಸೀಮೆಯ ಹಿರಿಯರಿಗೆ ಆ ವಾತಾವರಣವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಧ್ವನಿವರ್ಧಕಗಳಿಲ್ಲದ ಕಾಲವದು. ಕಟ್ಟಕಡೆಯ ಪ್ರೇಕ್ಷಕನಿಗೂ ಕಂಠ ತಲುಪಬೇಕು. ತಲುಪಿ ಹಿಡಿಸಿದರೆ ಸಭೆ ವನ್ಸ್ ಮೋರ್ ಎಂದು ಕೂಗುವುದು, ನಟ ಮತ್ತೆ ಹಾಡುವುದು. ಸಾಯುವ ಪಾತ್ರಧಾರಿಯೂ ಎದ್ದು ಹಾಡಿ ಪುನಃ ಸಾಯಬೇಕಾಗುತ್ತಿತ್ತೆಂಬುದು ವಿನೋದವಾದರೂ ಸುಳ್ಳಲ್ಲ. ಇಂತಹ ರಂಗದಲ್ಲಿ ಮಲ್ಲಿಕಾರ್ಜುನರ ಮಧುರ ಕಂಠ ಬೇಗನೆ ಜನಮನ ಸೆಳೆಯಿತು. ನಾಟಕ ಮಂಡಳಿಯ ಒಡೆಯರೂ ಬಗೆಬಗೆಯ ಪದಗಳನ್ನು ಹಾಡಿಸತೊಡಗಿದರು. ಆ ಹುಡುಗ ಅಲ್ಲಿಯೇ ಉಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಆದರೆ ಆ ಕಂಠವನ್ನು ಕೇವಲ ಪ್ರೇಕ್ಷಕರಾಗಿ ಕೇಳದೆ ಗುರುಗಳಾಗಿ ಕೇಳಿದವರು ಇಬ್ಬರಿದ್ದರು. ಮೊದಲು ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತದ ಪಾಠ ಹೇಳಿದರು. ಅನಂತರ ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಆಲೂರಮಠರು ಮಿರಜಿಗೆ ಕರೆದೊಯ್ದು ಸುಮಾರು ಆರು ವರ್ಷ ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಹಿಂದುಸ್ತಾನಿ ಸಂಗೀತದ ಗುರುಗಳು ಇವರೇ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಗುರುಮನೆಯ ಆ ವರ್ಷಗಳು ಒಬ್ಬ ಹುಡುಗನಿಗೆ ಎಂತಹವು ಎಂಬುದನ್ನು ಶಿಕ್ಷಕರಾದವರು ಊಹಿಸಬಲ್ಲರು. ನಿನ್ನೆಯವರೆಗೆ ಹಾಡಿದುದಕ್ಕೆಲ್ಲ ಚಪ್ಪಾಳೆ. ಇಂದು ಒಂದೇ ರಾಗ, ಒಂದೇ ಪಲಟ, ದಿನಗಟ್ಟಲೆ. ಗುರುಮನೆಯಲ್ಲಿ ವನ್ಸ್ ಮೋರ್ ಎನ್ನುವವರು ಗುರುಗಳೊಬ್ಬರೇ, ಅದೂ ಸ್ವರ ತಪ್ಪಿದಾಗ! ಜನರ ಮೆಚ್ಚಿಗೆಯ ಸ್ಥಾನದಲ್ಲಿ ಒಬ್ಬರ ಮೆಚ್ಚಿಗೆ, ಅದೂ ದುರ್ಲಭವಾದ ಮೆಚ್ಚಿಗೆ, ಬಂದು ನಿಂತಿತು. ನೀಲಕಂಠಬುವಾ ಅವರು ಬಾಲಕನ ಹಸಿವನ್ನು ಕೊಲ್ಲಲಿಲ್ಲ, ಅದಕ್ಕೆ ಬೇರೆ ಆಹಾರವನ್ನಿತ್ತರು ಎಂದೇ ನನಗೆ ತೋರುತ್ತದೆ.

ಇದೇ ತ್ಯಾಗವನ್ನು ಮಲ್ಲಿಕಾರ್ಜುನರು ತಾರುಣ್ಯದಲ್ಲಿ ಮತ್ತೊಮ್ಮೆ ಮಾಡಿದರು. ಗ್ರಾಮೋಫೋನ್ ಮುದ್ರಿಕೆಗಳಿಂದ ಹೆಸರು ಮನೆಮನೆಗೆ ತಲುಪುತ್ತಿದ್ದ ಕಾಲದಲ್ಲಿ, ಕೀರ್ತಿ ಸಾಕೆಂದು ಕುಳಿತುಕೊಳ್ಳದೆ, ಜಯಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಪುತ್ರ ಮಂಜಿ ಖಾನರ ಬಳಿ ಮರಳಿ ಶಿಷ್ಯರಾದರು. ರೂಢಿಯಾಗಿದ್ದ ಗಾಯನಕ್ರಮವನ್ನು ಬದಲಿಸಿಕೊಳ್ಳುವುದು ಹೊಸದಾಗಿ ಕಲಿಯುವುದಕ್ಕಿಂತ ಕಠಿಣ. ಮಂಜಿ ಖಾನರು 1937ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಆಗ ಅವರ ತಮ್ಮ ಭುರ್ಜಿ ಖಾನರಲ್ಲಿ ಶಿಷ್ಯತ್ವ ಮುಂದುವರಿಯಿತು. ಈ ಘರಾಣೆಯ ಅಪರೂಪದ ರಾಗಗಳು, ಜೋಡುರಾಗಗಳು ಸಾಮಾನ್ಯ ಸಭೆಗೆ ಕೂಡಲೇ ಒಲಿಯುವಂತಹವಲ್ಲ. ಅವರು ಅವನ್ನೇ ಜೀವನದುದ್ದಕ್ಕೂ ಹಾಡಿದರು. ಅವರ ಕಂಠದಲ್ಲಿ ಶರಣರ ವಚನಗಳೂ ಹೊಸ ಶೋಭೆ ಪಡೆದವು. ಧಾರವಾಡದ ಮುರುಘಾಮಠದ ಶ್ರೀ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗಿದ್ದ ಭಕ್ತಿ ಸುಪ್ರಸಿದ್ಧ. ಅವರ ಮನೆಯ ಹೆಸರೂ ಮೃತ್ಯುಂಜಯ.

ರಾಷ್ಟ್ರದ ಮನ್ನಣೆ ನಿಧಾನವಾಗಿ ಬಂದಿತು. ಪದ್ಮಶ್ರೀ ದೊರೆತುದು 1970ರಲ್ಲಿ, ಅಂದರೆ ಅರುವತ್ತರ ಹೊಸ್ತಿಲಲ್ಲಿ, 1976ರಲ್ಲಿ ಪದ್ಮಭೂಷಣ. ತಮ್ಮ ಬಾಳಿನ ಕಥೆಯನ್ನು ಅವರು ‘ನನ್ನ ರಸಯಾತ್ರೆ’ ಎಂಬ ಹೆಸರಿನಿಂದ ಕನ್ನಡಿಗರಿಗೆ ಕೊಟ್ಟರು. ನಮ್ಮ ಶಾಲೆಗಳ ಗ್ರಂಥಾಲಯಗಳಲ್ಲಿ, ಅದರಲ್ಲಿಯೂ ಪ್ರೌಢಶಾಲೆಯ ಮಕ್ಕಳ ಕೈಗೆ ಸಿಗುವ ಕಪಾಟಿನಲ್ಲಿ, ಅದು ಇರಬೇಕಾದ ಪುಸ್ತಕ, ದಾನಿಗಳು ಗಮನಿಸಬಹುದು. ಪದ್ಮವಿಭೂಷಣ ಪ್ರಶಸ್ತಿ ಬಂದುದು 1992ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 12ರಂದು ಅವರು ಧಾರವಾಡದಲ್ಲಿ ಲಿಂಗೈಕ್ಯರಾದರು. ಒಂಬತ್ತರ ಬಾಲಕ ರಂಗವನ್ನೇರಿ ಆಗ ಎಪ್ಪತ್ತು ವರ್ಷಗಳು ಮೀರಿದ್ದವು.