ಗಿಂಡಿ ಕಾಲೇಜಿನ ಬಾಗಿಲು ತೆರೆಸಿದ ಶ್ರೀಮತಿ ಎ. ಲಲಿತಾ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡನಾಡಿನ ಹಿರಿಯರನ್ನು ಸ್ಮರಿಸುವುದು ವಾಡಿಕೆ. ಈ ಸಲ ನಾವು ಸ್ಮರಿಸಬೇಕೆಂದಿರುವವರು ತೆಲುಗು ಮನೆತನದ ಮಹಿಳೆ. ನಮಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟ ಈ ಪಟ್ಟಣದಲ್ಲಿಯೇ ಹುಟ್ಟಿ, ಗಿಂಡಿಯಲ್ಲಿ ಓದಿ, ಭಾರತದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರು ಪಡೆದ ಶ್ರೀಮತಿ ಅಯ್ಯಲಸೋಮಯಾಜುಲ ಲಲಿತಾ ಅವರ ಜೀವನವು, ಹಳ್ಳಿಯಲ್ಲಿ ಬಂಧುಬಳಗವನ್ನು ಬಿಟ್ಟು ಬಂದಿರುವ ನಮ್ಮಂಥ ಸಂಸಾರಸ್ಥರು ತಿಳಿಯಬೇಕಾದದ್ದು.

ಲಲಿತಾ ಅವರು ಜನಿಸಿದ್ದು 1919ನೆಯ ಆಗಸ್ಟ್ 27ರಂದು, ಅಂದಿನ ಮದರಾಸಿನಲ್ಲಿ. ಏಳು ಮಂದಿ ಮಕ್ಕಳಲ್ಲಿ ಐದನೆಯವರು. ತಂದೆ ಪಪ್ಪು ಸುಬ್ಬರಾಯರು ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಪ್ರಾಧ್ಯಾಪಕರು. ಅವರ ಗಂಡುಮಕ್ಕಳು ಇಂಜಿನಿಯರುಗಳಾದರು. ಹೆಣ್ಣುಮಕ್ಕಳಿಗೆ ಒಂದಿಷ್ಟು ಓದು, ಆಮೇಲೆ ಮದುವೆ. ಅಂದಿನ ಸಂಪ್ರದಾಯಸ್ಥ ಮನೆಗಳ ಕಟ್ಟಳೆ ಹಾಗೆಯೇ ಇತ್ತು. ಲಲಿತಾ ಅವರಿಗೂ ಹದಿನೈದನೆಯ ವಯಸ್ಸಿನಲ್ಲಿ ವಿವಾಹವಾಯಿತು. ಆದರೂ ಎಸ್.ಎಸ್.ಎಲ್.ಸಿ. ಮುಗಿಯುವ ತನಕ ಓದು ನಿಲ್ಲದಂತೆ ತಂದೆಯವರು ನೋಡಿಕೊಂಡರು. 1937ರಲ್ಲಿ ಮಗಳು ಹುಟ್ಟಿದಳು. ಆ ಕೂಸಿಗೆ ನಾಲ್ಕು ತಿಂಗಳಾಗಿದ್ದಾಗ ಪತಿಯವರು ತೀರಿಕೊಂಡರು. ತಾಯಿಗೆ ಆಗ ವಯಸ್ಸು ಹದಿನೆಂಟು.

ಆ ದಿನಗಳ ವೈಧವ್ಯವೆಂದರೆ ಏನೆಂಬುದನ್ನು ನಮ್ಮ ಮನೆಗಳ ಅಜ್ಜಿಯರು ಕಂಡವರು, ವಿವರಿಸಿ ಹೇಳಬೇಕಾದದ್ದಿಲ್ಲ. ತವರಿಗೆ ಹಿಂದಿರುಗಿದ ಲಲಿತಾ ಅವರು ಓದಿ ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ನಿಶ್ಚಯಿಸಿದರು. ಸಮುದ್ರತೀರದ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರು. ವಿಜ್ಞಾನ ಕಲಿತ ಹೆಣ್ಣಿಗೆ ವೈದ್ಯವೃತ್ತಿಯೊಂದೇ ದಾರಿಯೆಂದು ಎಲ್ಲರೂ ತಿಳಿದಿದ್ದ ಕಾಲವದು. ಆದರೆ ವೈದ್ಯಳಾದವಳು ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೆ ಮಗುವನ್ನು ಬಿಟ್ಟು ಹೋಗಬೇಕು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಉದ್ಯೋಗ ಅವರಿಗೆ ಬೇಕಾಗಿತ್ತು. ತಂದೆಯಂತೆ, ಅಣ್ಣಂದಿರಂತೆ ತಾವೂ ಇಂಜಿನಿಯರ್ ಆಗುವುದೆಂದು ತೀರ್ಮಾನವಾಯಿತು.

1794ರಲ್ಲಿ ಮೋಜಣಿ ಶಾಲೆಯಾಗಿ ಆರಂಭವಾದ ಆ ಕಾಲೇಜಿಗೆ ಅದುವರೆಗೆ ಒಬ್ಬ ವಿದ್ಯಾರ್ಥಿನಿಯೂ ಸೇರಿರಲಿಲ್ಲ. ಸುಬ್ಬರಾಯರು ಪ್ರಿನ್ಸಿಪಾಲರಾದ ಕೆ. ಸಿ. ಚಾಕೊ ಅವರಲ್ಲಿ ಮಗಳ ವಿಷಯವನ್ನು ಪ್ರಸ್ತಾಪಿಸಿದರು. ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಆರ್. ಎಂ. ಸ್ಟೇಥಮ್ ಅವರ ಒಪ್ಪಿಗೆಯೂ ದೊರೆಯಿತು. 1940ರಲ್ಲಿ ಲಲಿತಾ ಅವರು ವಿದ್ಯುತ್ ಇಂಜಿನಿಯರಿಂಗ್ ತರಗತಿಗೆ ಸೇರಿದರು. ಮಗುವನ್ನು ಬಂಧುಗಳ ಮನೆಯಲ್ಲಿ ಬಿಟ್ಟು, ತಾವು ಹಾಸ್ಟೆಲಿನಲ್ಲಿದ್ದು, ವಾರದ ಕೊನೆಗೆ ಹೋಗಿ ನೋಡಿಬರುತ್ತಿದ್ದರು.

ನೂರಾರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಹುಡುಗರು ಸಭ್ಯರಾಗಿಯೇ ನಡೆದುಕೊಂಡರು. ಆದರೆ ಹಾಸ್ಟೆಲಿನಲ್ಲಿ ಜೊತೆಗೆ ಯಾರೂ ಇರಲಿಲ್ಲ. ಇದನ್ನು ಕಂಡು ಕಾಲೇಜಿನವರು, ಹೆಣ್ಣುಮಕ್ಕಳಿಗೂ ಪ್ರವೇಶವುಂಟೆಂದು ಪ್ರಕಟಣೆ ಹೊರಡಿಸಿದರು. ಮುಂದಿನ ವರ್ಷ ಸಿವಿಲ್ ಇಂಜಿನಿಯರಿಂಗ್ ವಿಭಾಗಕ್ಕೆ ಲೀಲಮ್ಮ ಜಾರ್ಜ್ ಮತ್ತು ಪಿ. ಕೆ. ತ್ರೇಸ್ಯಾ ಎಂಬಿಬ್ಬರು ಬಂದು ಸೇರಿದರು.

ತ್ರೇಸ್ಯಾ ಅವರ ವಿಷಯವನ್ನು ಇಲ್ಲಿ ಹೇಳಲೇಬೇಕು. ಲಲಿತಾ ಅವರು ಪಟ್ಟಣದ ಪ್ರಾಧ್ಯಾಪಕರ ಮಗಳು. ತ್ರೇಸ್ಯಾ ಅವರಾದರೋ ತ್ರಿಶೂರು ಕಡೆಯ ಹಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ ಹುಟ್ಟಿ, ಕಾಟ್ಟೂರಿನ ಶಾಲೆಯಲ್ಲಿ ಓದಿದವರು. ಅಂಥ ಹುಡುಗಿ ಮದರಾಸಿಗೆ ಬಂದು ಇಂಜಿನಿಯರಿಂಗ್ ಕಲಿತು, ಊರಿಗೆ ಮರಳಿ ರಸ್ತೆ, ಸೇತುವೆ, ಆಸ್ಪತ್ರೆಗಳ ಕೆಲಸ ನಡೆಸಿ, 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಚೀಫ್ ಇಂಜಿನಿಯರ್ ಆದರು. ಆ ಹುದ್ದೆಗೇರಿದ ದೇಶದ ಪ್ರಥಮ ಮಹಿಳೆ ಅವರು. ಒಬ್ಬ ವಿದ್ಯಾರ್ಥಿನಿಯ ಒಂಟಿತನವನ್ನು ಕಳೆಯಲು ಹೊರಟ ಪ್ರಕಟಣೆಯಿಂದ ಹಳ್ಳಿಯ ಹುಡುಗಿಯೊಬ್ಬಳಿಗೆ ದಾರಿಯಾಯಿತು.

ಮಹಾಯುದ್ಧದ ಕಾರಣ ತರಗತಿಗಳನ್ನು ಅವಧಿಗೆ ಮುಂಚೆಯೇ ಮುಗಿಸಲಾಗಿ, ಮೂವರೂ ಜೊತೆಯಲ್ಲಿಯೇ ತೇರ್ಗಡೆಯಾದರು. ಪದವಿಪತ್ರಗಳನ್ನು ಅಚ್ಚು ಹಾಕಿಸಿದ್ದುದು ಗಂಡಸರಿಗೆಂದೇ. ಹಾಗಾಗಿ ಪುಲ್ಲಿಂಗದ ಪದವನ್ನು ಹೊಡೆದುಹಾಕಿ, ಮೇಲೆ ಸ್ತ್ರೀಲಿಂಗದ ಪದವನ್ನು ಕೈಯಿಂದ ಬರೆದುಕೊಡಬೇಕಾಯಿತು.

ಆಮೇಲೆ ಲಲಿತಾ ಅವರು ಬಿಹಾರದ ಜಮಾಲ್‌ಪುರದ ರೈಲ್ವೆ ಕಾರ್ಖಾನೆಯಲ್ಲಿ ಒಂದು ವರ್ಷ ತರಬೇತಿ ಪಡೆದರು. ಸಿಮ್ಲಾದ ಸರಕಾರಿ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಸಹಾಯಕರಾದರು. ಕೆಲಕಾಲ ತಂದೆಯವರ ಸಂಶೋಧನೆಗೆ ನೆರವಾದರು. 1948ರಲ್ಲಿ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಕಂಪನಿಗೆ ಸೇರಿ, ನಿವೃತ್ತಿಯ ತನಕ ಆ ಕೆಲಸದಲ್ಲಿಯೇ ನಿಂತರು. ವಿದ್ಯುತ್ತನ್ನು ದೂರಕ್ಕೆ ಸಾಗಿಸುವ ತಂತಿಮಾರ್ಗಗಳು, ಉಪಕೇಂದ್ರಗಳು, ಇವುಗಳ ವಿನ್ಯಾಸ ಅವರ ಕೆಲಸ. ಭಾಕ್ರಾ ನಂಗಲ್ ಯೋಜನೆಯ ವಿದ್ಯುಜ್ಜನಕಗಳ ಕೆಲಸದಲ್ಲಿಯೂ ಅವರ ಪಾಲುಂಟು. ಸಿಮ್ಲಾದಲ್ಲಿ ಒಬ್ಬ ಅಣ್ಣನ ಮನೆ, ಕಲ್ಕತ್ತೆಯಲ್ಲಿ ಇನ್ನೊಬ್ಬ ಸೋದರನ ಮನೆ ಅವರಿಗೆ ಆಸರೆಯಾದವು. ತಾಯಿ ಕಚೇರಿಗೆ ಹೋದಾಗ ಮಗಳನ್ನು ನೋಡಿಕೊಂಡವರು ಸೋದರನ ಹೆಂಡತಿ. ಹೆಸರು ಪಡೆದವರ ಹಿಂದೆ ಹೀಗೆ ಹೆಸರಿಲ್ಲದೆ ದುಡಿದ ಕೈಗಳನ್ನು ನಾವು ಮರೆಯಬಾರದು.

1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಇಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಲಲಿತಾ ಅವರು ಅದರಲ್ಲಿ ಭಾಗವಹಿಸಿದರು. 1966ರಲ್ಲಿ ಲಂಡನ್ನಿನ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಪೂರ್ಣ ಸದಸ್ಯತ್ವ ದೊರೆಯಿತು. 1977ರಲ್ಲಿ ನಿವೃತ್ತರಾಗಿ, 1979ನೆಯ ಅಕ್ಟೋಬರ್ 12ರಂದು ಅರವತ್ತನೆಯ ವಯಸ್ಸಿನಲ್ಲಿ ಕಾಲವಾದರು.

ಕನ್ನಡಿಗರಲ್ಲಿ ಇಂಥವರಿಲ್ಲವೇ ಎಂದು ವಾಚಕರು ಕೇಳಬಹುದು. ಉಂಟು. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರು 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಮೆರಿಕದ ಮಿಷಿಗನ್ನಿನಲ್ಲಿ ಓದಿ ಬಂದು, ಅದೇ ಸಂಸ್ಥೆಯಲ್ಲಿ ಸೂಕ್ಷ್ಮತರಂಗ ವಿಜ್ಞಾನವನ್ನು ಬೋಧಿಸಿದರು. ಅವರಿಗೂ ಬೆನ್ನಿಗೆ ವಿದ್ಯಾವಂತಳಾದ ಅಜ್ಜಿಯಿದ್ದರು.

ಇಂದು ಗಿಂಡಿಯಲ್ಲಿ ವಿದ್ಯಾರ್ಥಿನಿಯರಿಗೆ ಕೊರತೆಯಿಲ್ಲ. ಆದರೆ ತಾಳವಾಡಿಯ, ಹೊಸೂರಿನ ಸುತ್ತಣ ಹಳ್ಳಿಗಳಲ್ಲಿ, ಘಟ್ಟದ ಮೇಲಿನ ನಮ್ಮ ಹುಟ್ಟೂರುಗಳಲ್ಲಿ, ಗಣಿತದಲ್ಲಿ ಜಾಣೆಯಾದ ಹುಡುಗಿಯನ್ನು ದೂರ ಕಳಿಸಬೇಕಲ್ಲ ಎಂಬ ಅಂಜಿಕೆಯಿಂದಲೇ ಓದು ಬಿಡಿಸುವುದು ಇನ್ನೂ ನಿಂತಿಲ್ಲ. ಬುದ್ಧಿ ಆಕೆಗೆ ಸಾಲದೆಂದಲ್ಲ. ಪಟ್ಟಣದಲ್ಲಿ ತಮ್ಮವರು ಯಾರಿದ್ದಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಆ ಉತ್ತರ ನಾವಾಗಬಹುದು. ನಾವೂ ಒಂದು ದಿನ ಯಾರದೋ ಮನೆಯ ಜಗಲಿಯಲ್ಲಿ ಹಾಸಿಗೆ ಬಿಡಿಸಿ ಈ ಊರಿನಲ್ಲಿ ಬಾಳು ಆರಂಭಿಸಿದವರೇ. ಊರಿನ ಅಕ್ಕನ ಮಗಳಿಗೆ, ನೆರೆಮನೆಯ ಹುಡುಗಿಗೆ ರಜೆಯ ದಿನ ಒಂದು ಊಟ, ಅರ್ಜಿ ತುಂಬುವಾಗ ಒಂದು ಸಲಹೆ, ಹಾಸ್ಟೆಲಿನಲ್ಲಿ ಜ್ವರ ಬಂದರೆ ಹೋಗಿ ನೋಡುವ ಒಬ್ಬ ಅತ್ತೆ ಅಥವಾ ಚಿಕ್ಕಮ್ಮ, ಇಷ್ಟಿದ್ದರೆ ಅಲ್ಲಿಯ ತಂದೆತಾಯಿಗಳಿಗೆ ಧೈರ್ಯ ಬರುತ್ತದೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಂಥ ಒಂದು ಮನೆಯಲ್ಲಿ ಕುಳಿತು ಲಲಿತಾ ಅವರ, ತ್ರೇಸ್ಯಾ ಅವರ ಕಥೆಯನ್ನು ಹೇಳಿಬರೋಣ; ಜೊತೆಗೆ ನಮ್ಮ ಮನೆಯ ವಿಳಾಸವನ್ನೂ ಕೊಟ್ಟುಬರೋಣ.